ಹಿಮನದಿಯ ಉಪಾಧ್ಯಾಯ

ಪ್ರಸಿದ್ಧರಾದವರ ಬಾಳಿನಲ್ಲಿ ಒಂದೇ ಒಂದು ಗಳಿಗೆಯನ್ನು ಆರಿಸಿಕೊಂಡು ಉಳಿದುದನ್ನೆಲ್ಲ ಮರೆತುಬಿಡುವುದು ಲೋಕದ ರೂಢಿ. ತೇನ್‌ಸಿಂಗ್ ನೋರ್ಗೆಯವರ ವಿಷಯದಲ್ಲಿ ಆ ಗಳಿಗೆ 1953ನೆಯ ಇಸವಿ ಮೇ 29ರ ಬೆಳಗಿನ ಹನ್ನೊಂದೂವರೆ. ಅಂದು ಅವರೂ ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿಯವರೂ ಎವರೆಸ್ಟಿನ ನೆತ್ತಿಯ ಮೇಲೆ ನಿಂತರು. ಸುಮಾರು 15 ನಿಮಿಷ ಅಲ್ಲಿದ್ದು ಕೆಳಗಿಳಿದರು. ಆ 15 ನಿಮಿಷಗಳ ಕಥೆಯನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು. ಆದರೆ ಮರುವರ್ಷದಿಂದ ತೊಡಗಿ 22 ವರ್ಷಗಳ ಕಾಲ ಅದೇ ತೇನ್‌ಸಿಂಗ್ ದಾರ್ಜಿಲಿಂಗಿನಲ್ಲಿ ಉಪಾಧ್ಯಾಯರಾಗಿದ್ದರೆಂಬುದನ್ನು, ಹಿಮದ ಮೇಲೆ ಹೇಗೆ ಹೆಜ್ಜೆಯಿಡಬೇಕು, ಕೈಯಲ್ಲಿ ಕೊಡಲಿಯನ್ನು ಹೇಗೆ ಹಿಡಿಯಬೇಕು ಎಂಬ ಮೊದಲ ಪಾಠವನ್ನು ಬಯಲುನಾಡಿನ ತರುಣರಿಗೆ ಹೇಳಿಕೊಡುತ್ತಿದ್ದರೆಂಬುದನ್ನು ನೆನೆಯುವವರು ಕಡಮೆ. ಪಾಠ ಹೇಳುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಅವರ ಜೀವನದಲ್ಲಿ ಅತ್ಯಂತ ವಿಚಾರಯೋಗ್ಯವಾಗಿ ತೋರುವುದು ಈ ಎರಡನೆಯ ಭಾಗವೇ. ಓದುಬರಹ ಬಾರದ ಒಬ್ಬ ಹೊರೆಯಾಳು ತನ್ನ ಕೈಕಾಲುಗಳಲ್ಲಿ ಅಡಗಿದ್ದ ಅರಿವನ್ನು ಇತರರಿಗೆ ದಾಟಿಸಬಲ್ಲ ವಿದ್ಯೆಯಾಗಿ ಹೇಗೆ ಮಾರ್ಪಡಿಸಿದನೆಂಬುದು, ತರಗತಿಯಲ್ಲಿ ನಿಲ್ಲುವ ಯಾರನ್ನೇ ಆದರೂ ಕಾಡಬೇಕಾದ ಪ್ರಶ್ನೆ.

ತೇನ್‌ಸಿಂಗರು ಹುಟ್ಟಿದ್ದು 1914ರಲ್ಲಿ. ತಿಥಿ ವಾರಗಳನ್ನು ಬರೆದಿಟ್ಟವರಿಲ್ಲ. ಪೈರು ಮತ್ತು ಹವೆಯ ನೆನಪಿನ ಮೇಲೆ ಅದು ಮೇ ತಿಂಗಳ ಕೊನೆಯಿದ್ದೀತೆಂದು ಎಣಿಸುತ್ತಿದ್ದರು. ಶಿಖರವನ್ನೇರಿದ ಮೇಲೆ ಮೇ 29ನ್ನೇ ತಮ್ಮ ಹುಟ್ಟುಹಬ್ಬವೆಂದು ಇಟ್ಟುಕೊಂಡರು. ತಂದೆತಾಯಿಗಳ 13 ಮಕ್ಕಳಲ್ಲಿ ಅವರು 11ನೆಯವರು. ಮೊದಲು ಇಟ್ಟ ಹೆಸರು ನಾಮ್‌ಗ್ಯಾಲ್ ವಾಂಗ್ದಿ. ರೋಂಗ್‌ಬುಕ್ ಮಠದ ಲಾಮಾ ಒಬ್ಬರ ಸೂಚನೆಯಂತೆ ತೇನ್‌ಸಿಂಗ್ ನೋರ್ಗೆ ಎಂದಾಯಿತು. ಭಾಗ್ಯವಂತನಾದ ಧರ್ಮಾನುಯಾಯಿ ಎಂಬುದು ಆ ಹೆಸರಿನ ಭಾವ. ಬಾಲ್ಯ ಕಳೆದದ್ದು ಎವರೆಸ್ಟಿನ ಮಗ್ಗುಲಿನ ಥಾಮೆ ಎಂಬ ಹಳ್ಳಿಯಲ್ಲಿ, ಯಾಕುಗಳನ್ನು ಮೇಯಿಸುತ್ತ. ಆ ಹಳ್ಳಿಯಲ್ಲಿ ಶಾಲೆಯಿರಲಿಲ್ಲ.

ಶೆರ್ಪಾ ಜನ ಬೆಟ್ಟದಲ್ಲಿ ಹುಟ್ಟಿ ಬೆಳೆದವರು. ಆದುದರಿಂದ ಹಿಮಾರೋಹಣ ಅವರಿಗೆ ಹುಟ್ಟುಗುಣವೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ವಸ್ತುಸ್ಥಿತಿ ಬೇರೆ. ಅವರು ಕಣಿವೆಗಳಲ್ಲಿ ಬಾಳಿದರು, ವ್ಯಾಪಾರಕ್ಕಾಗಿ ಎತ್ತರದ ಕಣಿವೆದಾರಿಗಳನ್ನು ದಾಟಿದರು. ಆದರೆ ಶಿಖರಗಳು ದೇವತೆಗಳ ನೆಲೆ. ಅಲ್ಲಿಗೆ ಏರಿ ಹೋಗುವ ಪ್ರಯೋಜನವೂ ಇರಲಿಲ್ಲ, ಬಯಕೆಯೂ ಇರಲಿಲ್ಲ. ಕಡಿದಾದ ಗಟ್ಟಿ ಹಿಮದ ಮೇಲೆ ನಡೆಯುವ ಸಲಕರಣೆಗಳು ಹೊರಗಿನಿಂದ ಬಂದವು. ಬೂಟಿನ ಅಡಿಗೆ ಪಟ್ಟಿಯಿಂದ ಬಿಗಿಯುವ, ಉಕ್ಕಿನ ಮುಳ್ಳುಗಳುಳ್ಳ ಚೌಕಟ್ಟಿಗೆ ಕ್ರ್ಯಾಂಪಾನ್ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಸ್ಕರ್ ಎಕೆನ್‌ಸ್ಟೈನ್ ಎಂಬ ಇಂಗ್ಲಿಷ್ ಎಂಜಿನಿಯರು 10 ಮುಳ್ಳುಗಳ ಕ್ರ್ಯಾಂಪಾನಿನ ರೂಪರೇಖೆಯನ್ನು ಹಾಕಿದರು. ಇಟಲಿಯ ಕೂರ್ಮೆಯೂರ್ ಊರಿನ ಗ್ರಿವೆಲ್ ಎಂಬ ಕಮ್ಮಾರ ಮನೆತನ ಅದನ್ನು ಬಡಿದು ತಯಾರಿಸಿತು. 1929ರಲ್ಲಿ ಅದೇ ಮನೆತನದ ಲೊರಾಂ ಗ್ರಿವೆಲ್ ಮುಂದಕ್ಕೆ ಚಾಚಿದ ಮತ್ತೆರಡು ಮುಳ್ಳುಗಳನ್ನು ಸೇರಿಸಿದರು. ಹಿಮಗೊಡಲಿಯದು ಇನ್ನೂ ಹಳೆಯ ಕಥೆ. ಅದರ ತಲೆಯ ಒಂದು ಕಡೆ ಚೂಪಾದ ಕೊಕ್ಕು, ಇನ್ನೊಂದು ಕಡೆ ಮೆಟ್ಟಿಲು ಕಡಿಯುವುದಕ್ಕೆ ಅಗಲವಾದ ಅಲಗು, ಕಾವಿನ ತುದಿಯಲ್ಲಿ ನೆಲಕ್ಕೂರುವ ಮೊಳೆ. ಆಲ್ಪ್ಸ್ ಸೀಮೆಯಲ್ಲಿ ರೂಪುಗೊಂಡ ಈ ಎರಡು ಸಾಧನಗಳು ಹಿಮಾಲಯದ ಹುಡುಗರ ಕೈಕಾಲಿಗೆ ಬಂದದ್ದು ಸಾಹೇಬರ ಸಾಮಾನಿನೊಂದಿಗೆ.

1932ರ ಕೊನೆಗೆ ತೇನ್‌ಸಿಂಗ್ ಮನೆ ಬಿಟ್ಟು ದಾರ್ಜಿಲಿಂಗಿಗೆ ಓಡಿಬಂದರು. ಎವರೆಸ್ಟ್ ಯಾತ್ರೆಗಳಿಗೆ ಆಳುಗಳನ್ನು ಆರಿಸುತ್ತಿದ್ದದ್ದು ಅಲ್ಲಿ. 1933ರ ಯಾತ್ರೆಗೆ ಅವರನ್ನು ತೆಗೆದುಕೊಳ್ಳಲಿಲ್ಲ. 1935ರಲ್ಲಿ ಎರಿಕ್ ಶಿಪ್ಟನ್ನರು ತಮ್ಮ ಚಿಕ್ಕ ತಂಡಕ್ಕೆ ಕೊನೆಯ ಗಳಿಗೆಯಲ್ಲಿ ಈ ಅನನುಭವಿ ತರುಣನನ್ನು ಸೇರಿಸಿಕೊಂಡರು. ಅವನ ನಗುಮುಖ ಅವರ ಮನಸ್ಸಿಗೆ ಹಿಡಿಸಿತಂತೆ. ಕೆಲಸ ಹೊರೆ ಹೊರುವುದು. ಪಾಠ ಹೇಳಲು ಗುರುವೆಂಬವರಿಲ್ಲ, ಪಾಠವೆಂದು ಗೊತ್ತಾದ ಕ್ರಮವೂ ಇಲ್ಲ. ಮುಂದೆ ಹೋಗುವವನು ಹೆಜ್ಜೆಯನ್ನು ಎಲ್ಲಿಟ್ಟನೋ ಅಲ್ಲಿ ಹೆಜ್ಜೆಯಿಡಬೇಕು. ಅವನು ಕೊಡಲಿಯನ್ನು ಹೇಗೆ ಊರಿದನೋ ಹಾಗೆ ಊರಬೇಕು. ತಪ್ಪಿದರೆ ತಿದ್ದುವುದು ಬೆಟ್ಟವೇ. ಹೀಗೆ ನೋಡಿ ಕಲಿತ ತೇನ್‌ಸಿಂಗ್ 1938ರ ಹೊತ್ತಿಗೆ 8,200 ಮೀಟರಿಗೂ ಎತ್ತರದ ಶಿಬಿರಕ್ಕೆ ಹೊರೆ ಮುಟ್ಟಿಸಿ, ಎತ್ತರದಲ್ಲಿ ದುಡಿದ ಶೆರ್ಪಾಗಳಿಗೆ ಸಲ್ಲುತ್ತಿದ್ದ ಟೈಗರ್ ಪದಕವನ್ನು ಪಡೆದರು.

ಆ ಬಳಿಕ ಯುದ್ಧದ ವರ್ಷಗಳು. ಪರ್ವತ ಯಾತ್ರೆಗಳು ನಿಂತವು. ತೇನ್‌ಸಿಂಗ್ ಜೀವನೋಪಾಯಕ್ಕಾಗಿ ಚಿತ್ರಾಲಿಗೆ ಹೋದರು. ನಾಲ್ಕು ವರ್ಷದ ಮಗನನ್ನು ಅದಾಗಲೇ ಕಳೆದುಕೊಂಡಿದ್ದರು. 1944ರಲ್ಲಿ ಹೆಂಡತಿ ದಾವಾ ಫುಟಿ ಅಲ್ಲಿಯೇ ತೀರಿಕೊಂಡಳು. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಕರೆದುಕೊಂಡು ಆತ ದಾರ್ಜಿಲಿಂಗಿಗೆ ಮರಳಿದರು. ಮುಂದೆ ಅಂಗ್ ಲ್ಹಾಮು ಆ ಮನೆಯನ್ನು ಎತ್ತಿನಿಲ್ಲಿಸಿದಳು.

1947ರಲ್ಲಿ ಸ್ವಿಸ್ ತಂಡವೊಂದರ ಜೊತೆ ಗಢವಾಲಕ್ಕೆ ಹೋದಾಗ, ಕೇದಾರನಾಥ ಶಿಖರದ ಇಳಿಜಾರಿನಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಇಬ್ಬರು ಜಾರಿ ಬಹುದೂರ ಬಿದ್ದರು. ಅವರಲ್ಲೊಬ್ಬ ಶೆರ್ಪಾಗಳ ನಾಯಕನಾದ ವಾಂಗ್ದಿ ನೋರ್ಬು. ಅವನ ಕಾಲು ಮುರಿಯಿತು. ಅವನನ್ನು ಕೆಳಗೆ ತರುವ ಕೆಲಸದಲ್ಲಿ ಮುಂದಾದ ತೇನ್‌ಸಿಂಗರು ಆ ಯಾತ್ರೆಯಲ್ಲಿಯೇ ಸರ್ದಾರರಾದರು. 1951ರಲ್ಲಿ ನಂದಾದೇವಿಯ ಎರಡು ಶಿಖರಗಳ ನಡುವಿನ ಏಣಿನಲ್ಲಿ ಫ್ರೆಂಚ್ ಆರೋಹಿಗಳಿಬ್ಬರು ಕಾಣೆಯಾದರು. ಅವರನ್ನು ಅರಸುತ್ತ ತೇನ್‌ಸಿಂಗರೂ ಲೂಯಿ ದ್ಯುಬೋಸ್ತರೂ ನಂದಾದೇವಿಯ ಪೂರ್ವ ಶಿಖರವನ್ನು ಏರಿದರು. ಹೋದವರ ಸುಳಿವು ಸಿಗಲಿಲ್ಲ. ತಮ್ಮ ಜೀವಮಾನದ ಅತಿ ಕಠಿನವಾದ ಏರಿಕೆ ಎವರೆಸ್ಟಲ್ಲ, ಇದು ಎಂದು ಅವರು ಮುಂದೆ ಪರಿಗಣಿಸುತ್ತಿದ್ದರು. ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆಂಬುದನ್ನು ಇಷ್ಟು ಹತ್ತಿರದಿಂದ ಕಂಡವರು ಹೆಜ್ಜೆಯ ವಿಷಯವನ್ನು ಹಗುರವಾಗಿ ಎಣಿಸುವುದು ಸಾಧ್ಯವಿಲ್ಲ.

1952ರಲ್ಲಿ ಸ್ವಿಸ್ ಜನ ಎವರೆಸ್ಟಿಗೆ ಬಂದಾಗ ತೇನ್‌ಸಿಂಗ್ ಮೊದಲ ಬಾರಿಗೆ ಸರ್ದಾರನ ಹೊಣೆಯ ಜೊತೆಗೆ ತಂಡದ ಆರೋಹಿಯೆಂಬ ಸ್ಥಾನವನ್ನೂ ಪಡೆದರು. ರೇಮಂ ಲಾಂಬೇರ್ ಅವರ ಹಗ್ಗದ ಜೊತೆಗಾರ. ಹಿಂದೊಮ್ಮೆ ಹಿಮಹುಣ್ಣಿನಿಂದ ಲಾಂಬೇರರ ಕಾಲ್ಬೆರಳುಗಳನ್ನು ಕತ್ತರಿಸಿ ತೆಗೆಯಬೇಕಾಗಿ ಬಂದಿತ್ತು; ಬೆರಳಿಲ್ಲದ ಆ ಮೋಟು ಪಾದಗಳಿಗೇ ಬೂಟು ಹೊಲಿಸಿ, ಕ್ರ್ಯಾಂಪಾನ್ ಬಿಗಿದು ಅವರು ಹಿಮವನ್ನೇರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದು. ಸುಮಾರು 8,400 ಮೀಟರ್ ಎತ್ತರದಲ್ಲಿ, ಮಲಗುವ ಚೀಲವಿಲ್ಲದೆ, ಮೋಂಬತ್ತಿಯ ಉರಿಯ ಮೇಲೆ ಹಿಮದ ಚೂರನ್ನು ಕರಗಿಸಿ ಗುಟುಕು ಗುಟುಕಾಗಿ ಕುಡಿಯುತ್ತ, ಒಬ್ಬರನ್ನೊಬ್ಬರು ತಟ್ಟಿ ಬೆಚ್ಚಗಿಡುತ್ತ ಒಂದು ರಾತ್ರಿಯನ್ನು ಕಳೆದರು. ಮರುದಿನ, ಮೇ 28ರಂದು, ಸುಮಾರು 8,600 ಮೀಟರ್ ಮುಟ್ಟಿ ಹಿಂತಿರುಗಿದರು. ಮಾತಿನ ನೆರವಿಲ್ಲದೆಯೇ ಹಿಮದಲ್ಲಿ ಅರಿವು ಹೇಗೆ ಕೈಯಿಂದ ಕೈಗೆ ದಾಟುತ್ತದೆಂಬುದನ್ನು ತೇನ್‌ಸಿಂಗ್ ಕಲಿತದ್ದು ಇಲ್ಲಿಯೇ ಇರಬೇಕೆಂದು ನನ್ನ ಊಹೆ. ಲಾಂಬೇರ್ ಕೊಟ್ಟ ಕೆಂಪು ಕೊರಳವಸ್ತ್ರವನ್ನು ಮರುವರ್ಷ ಅವರು ಶಿಖರದವರೆಗೂ ಧರಿಸಿದ್ದರು.

1953ರ ಯಾತ್ರೆ ಅವರಿಗೆ ಎವರೆಸ್ಟಿನ ಏಳನೆಯದು. ಅದರ ಏಪ್ರಿಲ್ 26ರಂದು ನಡೆದ ಒಂದು ಸಂಗತಿ ಶಿಖರಾರೋಹಣದಷ್ಟು ಪ್ರಸಿದ್ಧವಲ್ಲ. ನನ್ನ ದೃಷ್ಟಿಯಲ್ಲಿ ಅದಕ್ಕೆ ಕಡಮೆಯೂ ಅಲ್ಲ. ಖುಂಬು ಹಿಮನದಿ ಕಡಿದಾದ ಇಳಿಜಾರಿನಲ್ಲಿ ಒಡೆದು ಗಡ್ಡೆಗಡ್ಡೆಯಾಗಿ ಉರುಳಿ ನಿಂತಿರುವ ಸ್ಥಳವನ್ನು ದಾಟಿ ಹಿಲರಿ ಮತ್ತು ತೇನ್‌ಸಿಂಗ್ ಕೆಳಗಿಳಿಯುತ್ತಿದ್ದರು. ಹಿಲರಿ ಒಂದು ಬಿರುಕನ್ನು ಜಿಗಿದು ದಾಟುವ ಹೊತ್ತಿಗೆ ಅಂಚಿನ ಹಿಮ ಕುಸಿದು ಒಳಕ್ಕೆ ಬಿದ್ದರು. ಹಿಂದಿದ್ದ ತೇನ್‌ಸಿಂಗ್ ಆ ಕ್ಷಣವೇ ಹಿಮಗೊಡಲಿಯನ್ನು ಹಿಮದಲ್ಲಿ ಆಳಕ್ಕೆ ನೆಟ್ಟು, ಹಗ್ಗವನ್ನು ಅದಕ್ಕೆ ಸುತ್ತಿ ಬಿಗಿದರು. ಹಗ್ಗ ಜಗ್ಗಿ ನಿಂತಿತು, ಹಿಲರಿ ಉಳಿದರು. ಆಲೋಚಿಸಿ ಮಾಡುವುದಕ್ಕೆ ಅಲ್ಲಿ ಸಮಯವಿರಲಿಲ್ಲ. 18 ವರ್ಷಗಳ ಅಭ್ಯಾಸವೆಲ್ಲ ಒಂದು ಚಣದಲ್ಲಿ ತೋಳಿಗೆ ಬಂದು ಕೆಲಸ ಮಾಡಿತು. ಅಲ್ಲಿಂದ ಮುಂದೆ ಅವರಿಬ್ಬರ ಜೋಡಿ ಗಟ್ಟಿಯಾಯಿತು.

ಶಿಖರಕ್ಕೆ ಹೊರಡುವ ಹಿಂದಿನ ರಾತ್ರಿ ಸುಮಾರು 8,500 ಮೀಟರ್ ಎತ್ತರದ ಕೊನೆಯ ಗುಡಾರದಲ್ಲಿ ಹಿಲರಿ ಬೂಟುಗಳನ್ನು ಕಳಚಿಟ್ಟು ಮಲಗಿದರು, ತೇನ್‌ಸಿಂಗ್ ಕಳಚಲಿಲ್ಲ. ಬೆಳಗ್ಗೆ ಹಿಲರಿಯವರ ಬೂಟುಗಳು ಕಲ್ಲಿನಂತೆ ಸೆಟೆದಿದ್ದವು. ಒಲೆಯ ಮೇಲೆ ಹಿಡಿದು ಮೆತ್ತಗಾಗಿಸಬೇಕಾಯಿತು. ನೆತ್ತಿಯ ಮೇಲೆ ತೆಗೆದ ಆ ಜಗತ್ಪ್ರಸಿದ್ಧ ಚಿತ್ರದಲ್ಲಿ ತೇನ್‌ಸಿಂಗ್ ಎತ್ತಿ ಹಿಡಿದಿರುವುದು ಹಿಮಗೊಡಲಿಯನ್ನೇ. ವಿಶ್ವಸಂಸ್ಥೆ, ಬ್ರಿಟನ್, ನೇಪಾಳ ಮತ್ತು ಭಾರತದ ನಾಲ್ಕು ಬಾವುಟಗಳು ಅದಕ್ಕೆ ಕಟ್ಟಿವೆ. ಚಿತ್ರದಲ್ಲಿ ಕಾಣದ ಇನ್ನೊಂದು ವಸ್ತುವಿದೆ. ಮಗಳು ನೀಮಾ ಕೊಟ್ಟಿದ್ದ ಕೆಂಪು ನೀಲಿ ಬಣ್ಣದ ಪೆನ್ಸಿಲಿನ ತುಂಡೊಂದನ್ನು ಅವರು ಸಿಹಿತಿಂಡಿಯ ಜೊತೆ ಹಿಮದಲ್ಲಿ ಹೂತು ನೈವೇದ್ಯವಾಗಿ ಬಿಟ್ಟುಬಂದರು. ಅಕ್ಷರ ಕಲಿಯದ ತಂದೆ ಜಗತ್ತಿನ ತುದಿಯಲ್ಲಿ ಮಗಳ ಪೆನ್ಸಿಲನ್ನು ಇಟ್ಟುಬಂದನೆಂಬುದನ್ನು ಓದುವಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

ಕೆಳಗೆ ಬಂದಾಗ ಜನ ಕೇಳಿದ್ದು ಒಂದೇ ಪ್ರಶ್ನೆ: ಮೊದಲು ಹತ್ತಿದವರು ಯಾರು? ಆ ಗದ್ದಲ ಎಷ್ಟಾಯಿತೆಂದರೆ, ಇಬ್ಬರೂ ಹೆಚ್ಚುಕಡಮೆ ಒಟ್ಟಿಗೇ ಮುಟ್ಟಿದೆವೆಂದು ಕಠ್ಮಂಡುವಿನಲ್ಲಿ ಬರೆದು ಸಹಿ ಹಾಕಬೇಕಾಯಿತು. ಎರಡು ವರ್ಷಗಳ ಅನಂತರ ಪ್ರಕಟವಾದ ಆತ್ಮಕಥೆಯಲ್ಲಿ ತೇನ್‌ಸಿಂಗ್, ಹಗ್ಗದ ಮುಂದಿನ ತುದಿಯಲ್ಲಿದ್ದ ಹಿಲರಿಯೇ ಮೊದಲು ಕಾಲಿಟ್ಟರೆಂದು ನೇರವಾಗಿ ತಿಳಿಸಿದರು. ಅವರು ಹೇಳಿದ್ದನ್ನು ಬರಹಕ್ಕಿಳಿಸಿದವರು ಜೇಮ್ಸ್ ರ‍್ಯಾಮ್ಸೆ ಉಲ್ಮನ್. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಲ್ಲಿ ಮೊದಲು ಯಾರು ಎಂಬುದು ಹಿಮವನ್ನು ತುಳಿಯದವರ ಪ್ರಶ್ನೆ.

ಇನ್ನು ಗುರುವಿನ ಕಥೆ. ಆ ಜಯದ ಸ್ಮರಣೆಗಾಗಿ ಪರ್ವತಾರೋಹಣದ ಶಾಲೆಯೊಂದನ್ನು ತೆರೆಯಬೇಕೆಂಬ ಯೋಜನೆಗೆ ಪ್ರಧಾನಮಂತ್ರಿ ನೆಹರೂ ಅವರೂ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಡಾ. ಬಿ. ಸಿ. ರಾಯ್ ಅವರೂ ಬೆಂಬಲವಾಗಿ ನಿಂತರು. 1954ರ ನವೆಂಬರ್ 4ರಂದು ದಾರ್ಜಿಲಿಂಗಿನಲ್ಲಿ ನೆಹರೂ ಅವರು ಹಿಮಾಲಯ ಪರ್ವತಾರೋಹಣ ಸಂಸ್ಥೆಯನ್ನು ಆರಂಭಿಸಿದರು. ಮೇಜರ್ ನರೇಂದ್ರ ಧರ್ ಜಯಾಲ್ ಮೊದಲ ಪ್ರಿನ್ಸಿಪಾಲರು. ತೇನ್‌ಸಿಂಗ್ ಕ್ಷೇತ್ರಶಿಕ್ಷಣದ ನಿರ್ದೇಶಕರು. ಆದರೆ ಅದಕ್ಕೂ ಮೊದಲು ನಡೆದ ಒಂದು ಸಂಗತಿಯನ್ನು ಉಪಾಧ್ಯಾಯರೆಲ್ಲರೂ ಗಮನಿಸಬೇಕು. 1954ರ ಬೇಸಗೆಯಲ್ಲಿ ತೇನ್‌ಸಿಂಗರು ಶೆರ್ಪಾ ಸಂಗಡಿಗರೊಂದಿಗೆ ಸ್ವಿಟ್ಜರ್ಲೆಂಡಿನ ರೋಸೆನ್‌ಲಾಯಿಗೆ ಹೋಗಿ, ಆರ್ನಾಲ್ಡ್ ಗ್ಲಾಟ್ಹಾರ್ಡರ ಪರ್ವತಶಾಲೆಯಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಅವರಿಗಾಗ 40 ವರ್ಷ. ಜಗತ್ತಿನ ಅತ್ಯುನ್ನತ ಶಿಖರವನ್ನು ಮೆಟ್ಟಿ ಬಂದು ಒಂದೇ ವರ್ಷವಾಗಿತ್ತು. ಗೊತ್ತಿರುವುದು ಬೇರೆ, ಗೊತ್ತಿರುವುದನ್ನು ಕಲಿಸಬಲ್ಲವನಾಗುವುದು ಬೇರೆ. ತನ್ನ ಕಾಲು ತಾನಾಗಿ ಮಾಡುವುದನ್ನು ಬಿಡಿಸಿ, ಇದು ಮೊದಲು, ಇದು ಆಮೇಲೆ ಎಂದು ಕ್ರಮಗೊಳಿಸಿ, ಏನೂ ಅರಿಯದವನ ಮುಂದೆ ಇಡಬೇಕು. ಅದಕ್ಕೆ ಬೇರೆಯ ಶಿಕ್ಷಣ ಬೇಕೆಂಬುದನ್ನು ಕೀರ್ತಿಯ ತುದಿಯಲ್ಲಿದ್ದಾಗಲೂ ಅವರು ಒಪ್ಪಿಕೊಂಡರು.

ಹಾಗೆ ಕ್ರಮಗೊಂಡ ಪಾಠ ಯಾವುದು? ದಾರ್ಜಿಲಿಂಗಿನ ಆ ಸಂಸ್ಥೆಯ ಪ್ರಾರಂಭಿಕ ಶಿಕ್ಷಣವನ್ನು ಮುಗಿಸಿ ಬಂದ ನನ್ನ ವಿದ್ಯಾರ್ಥಿಯೊಬ್ಬ ಸ್ಟಾಫ್ ರೂಮಿನಲ್ಲಿ ನನ್ನ ಊರುಗೋಲಿಲ್ಲದ ಛತ್ರಿಯನ್ನೇ ಕೊಡಲಿಯಾಗಿ ಹಿಡಿದು ಅದನ್ನು ನನಗೆ ತೋರಿಸಿದ. ಮೊದಲು ಊರಿನ ಬಳಿಯ ಬಂಡೆಗಳ ಮೇಲೆ ಅಭ್ಯಾಸ. ಅವುಗಳಲ್ಲೊಂದಕ್ಕೆ ಈಗ ತೇನ್‌ಸಿಂಗರ ಹೆಸರೇ ಇದೆ. ಬಳಿಕ ಸಿಕ್ಕಿಮಿನ ಯುಕ್ಸಮಿನಿಂದ ಕಾಡು ಹತ್ತಿ, ಜೋಂಗ್ರಿಯನ್ನು ದಾಟಿ, ಸುಮಾರು 4,450 ಮೀಟರ್ ಎತ್ತರದ ಚೌರಿಖಾಂಗ್ ಶಿಬಿರ. ಅದರಾಚೆ ರಾಥೋಂಗ್ ಹಿಮನದಿ. ಅಲ್ಲಿ ಹುಡುಗ ಮೊದಲು ಕಲಿಯುವುದು ನಡೆಯುವುದನ್ನು. ಕ್ರ್ಯಾಂಪಾನ್ ಬಿಗಿದ ಮೇಲೆ ಕಾಲುಗಳನ್ನು ಕೊಂಚ ಅಗಲಿಸಿ ನಡೆಯಬೇಕು. ಇಲ್ಲದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಷರಾಯಿಗೆ ಸಿಕ್ಕಿ ಕೆಡವುತ್ತದೆ. ಇಳಿಜಾರಿನಲ್ಲಿ ಅಂಜಿದವನು ಪಾದದ ಅಂಚಿನ ಮೇಲೆ ನಿಲ್ಲುತ್ತಾನೆ, ಅದು ತಪ್ಪು. ಅಡಿಯ ಮುಳ್ಳುಗಳೆಲ್ಲವೂ ಒಮ್ಮೆಗೇ ಕಚ್ಚುವಂತೆ ಪಾದವನ್ನು ಚಪ್ಪಟೆಯಾಗಿ ಊರಬೇಕು. ಮುಳ್ಳುಗಳ ನಡುವೆ ಹಸಿ ಹಿಮ ಉಂಡೆಗಟ್ಟಿದರೆ ಕೊಡಲಿಯ ಕಾವಿನಿಂದ ಬೂಟಿಗೆ ತಟ್ಟಿ ಉದುರಿಸಬೇಕು. ಕೊಡಲಿ ಯಾವಾಗಲೂ ಬೆಟ್ಟದ ಕಡೆಯ ಕೈಯಲ್ಲಿರಬೇಕು.

ಇವಾದ ಮೇಲೆ ಬೀಳುವ ಪಾಠ. ಕೆಳಗೆ ಅಪಾಯವಿಲ್ಲದ ಇಳಿಜಾರನ್ನು ಆರಿಸಿ ಗುರು ತಾನೇ ಮೊದಲು ಬಿದ್ದು ತೋರಿಸುತ್ತಾನೆ; ಅನಂತರ ಶಿಷ್ಯರು ಒಬ್ಬೊಬ್ಬರಾಗಿ ಬೇಕೆಂದೇ ಜಾರಬೇಕು. ಜಾರುತ್ತಲೇ ಹೊಟ್ಟೆಯ ಮೇಲೆ ಹೊರಳಿ, ಕೊಡಲಿಯ ಕಾವನ್ನು ಎದೆಗೆ ಓರೆಯಾಗಿ ಅವಚಿ, ಕೊಕ್ಕನ್ನು ಹೆಗಲ ಬಳಿ ಹಿಮಕ್ಕೆ ಒತ್ತಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹೇರಬೇಕು. ಕಾಲಿನಲ್ಲಿ ಕ್ರ್ಯಾಂಪಾನ್ ಇದ್ದರೆ ಪಾದಗಳನ್ನು ಮೇಲಕ್ಕೆತ್ತಿಕೊಂಡಿರಬೇಕು. ಓಡುತ್ತಿರುವ ಹಿಮಕ್ಕೆ ಮುಳ್ಳು ತಗುಲಿದರೆ ಮನುಷ್ಯ ಮಗುಚಿ ಬೀಳುತ್ತಾನೆ. ನೆಟ್ಟಗೆ, ಮಗ್ಗುಲಾಗಿ, ಬೆನ್ನ ಮೇಲೆ, ತಲೆ ಕೆಳಗಾಗಿ ಹೀಗೆ ಬಗೆಬಗೆಯಾಗಿ ಜಾರಿ, ಆಲೋಚನೆಗೆ ಮೊದಲೇ ಕೈ ಕೆಲಸ ಮಾಡುವವರೆಗೆ ಅದೇ ಅದನ್ನು ಮತ್ತೆ ಮತ್ತೆ ಮಾಡಬೇಕು. ಖುಂಬುವಿನ ಬಿರುಕಿನ ಅಂಚಿನಲ್ಲಿ ತೇನ್‌ಸಿಂಗರ ತೋಳು ಮಾಡಿದ ಕೆಲಸಕ್ಕೆ ಬೇಕಾದ ಸಿದ್ಧತೆಯೂ ಇದೇ ಜಾತಿಯದು.

ನಮ್ಮ ತರಗತಿಗಳಲ್ಲಿ ಬೀಳುವುದಕ್ಕೆ ಅವಕಾಶವಿಲ್ಲ. ತಪ್ಪಿದವನಿಗೆ ಕೆಂಪು ಶಾಯಿ, ಅಂಕದಲ್ಲಿ ಕಡಿತ. ಬೀಳುವುದನ್ನೇ ಪಾಠವಾಗಿಸಿ, ಬಿದ್ದವನು ತನ್ನನ್ನು ತಾನೇ ತಡೆದುಕೊಳ್ಳುವುದನ್ನು ಕಲಿಸುವ ಆ ಹಿಮನದಿಯ ತರಗತಿ ನನಗೆ ಅಸೂಯೆ ಹುಟ್ಟಿಸುತ್ತದೆ. ಅಲ್ಲಿ ಇನ್ನೊಂದು ಮಾತೂ ಇದೆ. ಹಿಂದಿನ ಯಾತ್ರೆಗಳಲ್ಲಿ ಶೆರ್ಪಾ ಹೊರೆ ಹೊತ್ತ, ಸಾಹೇಬ ಅಪ್ಪಣೆ ಕೊಟ್ಟ. ದಾರ್ಜಿಲಿಂಗಿನ ಶಾಲೆಯಲ್ಲಿ ಸೈನ್ಯದ ಅಧಿಕಾರಿಗಳೂ ಕಾಲೇಜಿನ ವಿದ್ಯಾರ್ಥಿಗಳೂ ಶೆರ್ಪಾ ಹೇಳಿಕೊಟ್ಟಂತೆ ಹೆಜ್ಜೆಯಿಟ್ಟರು. ಪದವಿಗಳಿಲ್ಲದವನು ಪದವೀಧರರಿಗೆ ಗುರುವಾದ. ಹೊರುವ ಬೆನ್ನಿನಲ್ಲಿ ವಿದ್ಯೆಯೂ ಇತ್ತೆಂಬುದನ್ನು ಒಂದು ಸಂಸ್ಥೆ ಒಪ್ಪಿ, ಅದಕ್ಕೆ ಹುದ್ದೆ ಕೊಟ್ಟು ಗೌರವಿಸಿತು. ಎವರೆಸ್ಟಿನ ಮೇಲೆ ನೆಟ್ಟ ಬಾವುಟಗಳಿಗಿಂತ ಇದು ಚಿಕ್ಕ ವಿಜಯವೆಂದು ನಾನು ಎಣಿಸಲಾರೆ.

ಆ ಶಾಲೆಗೆ ನೋವುಗಳೂ ಬಂದವು. 1958ರಲ್ಲಿ ಜಯಾಲ್ ಚೋ ಓಯು ಯಾತ್ರೆಯಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. ರೋಸೆನ್‌ಲಾಯಿಯಲ್ಲಿ ಕಲಿತವರಲ್ಲಿ ಒಬ್ಬನಾದ, ತೇನ್‌ಸಿಂಗರ ಸೋದರಸಂಬಂಧದ ಕಿರಿಯ ನವಾಂಗ್ ಗೊಂಬು 1963ರಲ್ಲಿ ಅಮೆರಿಕನ್ನರ ಜೊತೆಯಲ್ಲಿಯೂ 1965ರಲ್ಲಿ ಭಾರತೀಯರ ಜೊತೆಯಲ್ಲಿಯೂ ಎವರೆಸ್ಟನ್ನೇರಿ, ಎರಡು ಬಾರಿ ಅಲ್ಲಿ ನಿಂತ ಮೊದಲಿಗನಾದ. ಎಂ. ಎಸ್. ಕೊಹ್ಲಿಯವರ ನಾಯಕತ್ವದ ಆ 1965ರ ತಂಡದಿಂದ ಒಂಬತ್ತು ಮಂದಿ ಶಿಖರ ಮುಟ್ಟಿದರು. ಅದೇ ವರ್ಷ ಉತ್ತರಕಾಶಿಯಲ್ಲಿ ಇಂಥದೇ ಇನ್ನೊಂದು ಸಂಸ್ಥೆ ಹುಟ್ಟಿತು.

ತೇನ್‌ಸಿಂಗ್ 1976ರಲ್ಲಿ ನಿವೃತ್ತರಾದರು. 1986ರ ಮೇ 9ರಂದು ದಾರ್ಜಿಲಿಂಗಿನಲ್ಲಿ ಕಣ್ಮುಚ್ಚಿದರು. ತಾವು ಪಾಠ ಹೇಳಿದ ಸಂಸ್ಥೆಯ ಆವರಣದಲ್ಲಿಯೇ ಅವರ ದೇಹಕ್ಕೆ ಅಗ್ನಿಸಂಸ್ಕಾರವಾಯಿತು. ಅಲ್ಲಿ ಅವರ ಪ್ರತಿಮೆಯೊಂದಿದೆ. ಪ್ರತಿಮೆಯನ್ನು ನೋಡಿ ಕೈಮುಗಿದು ಬರುವವರು ಹಲವರು. ಅವರ ನಿಜವಾದ ಸ್ಮಾರಕವಾದರೋ ಅಲ್ಲಿಂದ ಹಲವು ದಿನಗಳ ನಡಿಗೆಯಾಚೆ ಇದೆ: ಮೊದಲ ಸಲ ಹಿಮವನ್ನು ಕಂಡ ಹುಡುಗನೊಬ್ಬ ಇಳಿಜಾರಿನಲ್ಲಿ ಜಾರುತ್ತಾನೆ, ಹೊರಳುತ್ತಾನೆ, ಕೊಡಲಿಯ ಕೊಕ್ಕನ್ನು ಒತ್ತುತ್ತಾನೆ, ನಿಲ್ಲುತ್ತಾನೆ. ಎದ್ದು ಬಟ್ಟೆಯ ಹಿಮವನ್ನು ಕೊಡವಿಕೊಂಡು, ಇನ್ನೊಮ್ಮೆ ಜಾರುವುದಕ್ಕಾಗಿ ಮೇಲಕ್ಕೆ ಹತ್ತುತ್ತಾನೆ.